ಅದುರದ ಪೆಟ್ಟಿಗೆ

ವೈ.ಎನ್.ಹೊಸಕೋಟೆ
12 ಜನವರಿ 2024

ಚಿರಂಜೀವಿ ಪ್ರಭುದೇವನಿಗೆ,

ಗೌರೀಶನ ಆಶೀರ್ವಾದಗಳು. ಇಪ್ಪತ್ತೈದು ವರ್ಷಗಳ ಮೇಲೆ ಚಿಕ್ಕಪ್ಪನ ಮಗನಿಗೆ ಕಾಗದ ಬರೆಯುವವನು ಸಾಮಾನ್ಯವಾಗಿ ಸಾವಿನ ಸುದ್ದಿಯನ್ನೇ ಬರೆಯುತ್ತಾನೆ. ಹೆದರಬೇಡ, ಯಾರೂ ಸತ್ತಿಲ್ಲ. ಒಂದು ಕೆಲಸವಿದೆ.

ನಮ್ಮ ಮೂಡಣ ಮೆಲೋಡೀಸ್ ಆರ್ಕೆಸ್ಟ್ರಾ ಪಾರ್ಟಿಯ ಗಿಟಾರ್ ಆಂಪ್ಲಿಫೈಯರ್ ನನ್ನ ಬಳಿಯೇ ಇದೆ. 1974ರ ವಿಲಾಯತಿ ವಾಲ್ವ್ ಸೆಟ್ಟು. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ನಾವಿಬ್ಬರೂ ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ತಂದೆವು. ಕೊರಟಗೆರೆಯವರೆಗೂ ನೀನು ಟಾಪಿನ ಮೇಲೆಯೇ ಅದನ್ನು ಅಪ್ಪಿಕೊಂಡು ಕೂತಿದ್ದೆ. ಈಗ ಉಳಿದಿರುವುದು ವಾಲ್ವು, ನಾಬುಗಳಿರುವ ಹೆಡ್ಡು ಮಾತ್ರ. ಅದರ ಜೊತೆಗಿದ್ದ ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ನೀನು ಬಿಟ್ಟು ಹತ್ತು ವರ್ಷದ ಮೇಲೆ ಪಾರ್ಟಿ ಒಡೆದಾಗಲೇ ಶಿರಾದ ಶಾಮಿಯಾನದವರಿಗೆ ಕೊಟ್ಟೆ. ಸ್ಪೀಕರ್ ಇಲ್ಲದ ಹೆಡ್ಡು ಬೆಚ್ಚಗಾಗುತ್ತದೆ, ದೀಪ ಉರಿಸುತ್ತದೆ, ಅಷ್ಟೇ.

ಈ ಹೆಡ್ಡನ್ನೂ ಒಂದು ಸ್ಪೀಕರನ್ನೂ ಒಂದೇ ಪೆಟ್ಟಿಗೆಯೊಳಗೆ ಕೂರಿಸಿ ಕಾಂಬೋ ಮಾಡಿಕೊಡು. ಅಳತೆಯ ಚೀಟಿಯನ್ನು ಇದರೊಡನೆ ಇಟ್ಟಿದ್ದೇನೆ. ಹಲಗೆ ಒಂಬತ್ತು ಎಂ.ಎಂ. ಮೀರಬಾರದು. ಹಿಂಬದಿ ಪೂರ್ತಿ ಮುಚ್ಚಿರಬೇಕು, ರೆಗ್ಸಿನ್ ಹೊದಿಸದೆ ಬರೀ ಮರವಾಗಿರಬೇಕು. ಎತ್ತರವು ನೆಲದ ಮೇಲೆ ಕೂತವನ ಹೆಗಲಿಗೆ ಬರಬೇಕು.

ಕಾರಣ ಕೇಳಬೇಡ. ಫೋನ್ ಮಾಡಬೇಡ, ಹೇಳುವುದಿದ್ದರೆ ಬರೆ. ಕೆಲಸ ಮುಗಿದ ಮೇಲೆ ಬಸ್ಸಿಗೆ ಹಾಕು. ನೀನು ಬರಬೇಡ.

ತುಮಕೂರಿನಲ್ಲಿ ಇದನ್ನು ಮಾಡುವವರಿದ್ದಾರೆ. ಆದರೆ ಅದರ ಹೊಟ್ಟೆಯೊಳಗಿನ ಪ್ರತಿಯೊಂದು ತಂತಿಯೂ ನಿನ್ನ ಕೈಯದು. ಅದಕ್ಕಾಗಿ ಬರೆದೆ.

ಗೌರೀಶ


ಮಧುಗಿರಿ
29 ಜನವರಿ 2024

ಶ್ರೀ ಗೌರೀಶ್ ಅವರಿಗೆ,

ವಂದನೆಗಳು. ತಮ್ಮ ಪತ್ರ ತಲುಪಿತು. ಉತ್ತರಿಸಲು ಹದಿನೈದು ದಿನ ತೆಗೆದುಕೊಂಡದ್ದಕ್ಕೆ ಕೆಲಸದ ಒತ್ತಡ ಕಾರಣವಲ್ಲ.

ಮೊದಲು ತಾಂತ್ರಿಕ ವಿಷಯ. ಹೆಡ್ಡನ್ನು ಕಾಂಬೋ ಮಾಡುವುದನ್ನು ನಾನು ಸಲಹೆ ಮಾಡಲಾರೆ. ಹೆಡ್ಡಿನಲ್ಲಿ ವಾಲ್ವ್‌ಗಳು ನೆಟ್ಟಗೆ ನಿಂತಿರುತ್ತವೆ. ಕಾಂಬೋದಲ್ಲಿ ಅವು ಕೂತಿರುವ ಲೋಹದ ಚೌಕಟ್ಟನ್ನು, ಚಾಸಿಸ್ಸನ್ನು, ಮಗುಚಿ ಮೇಲ್ಭಾಗಕ್ಕೆ ಬಿಗಿಯುವುದರಿಂದ ಅವು ತಲೆಕೆಳಗಾಗಿ ನೇತಾಡುತ್ತವೆ. ಕೆಳಗೆ ಸ್ಪೀಕರ್ ಗುದ್ದುತ್ತಿರುತ್ತದೆ. ಆ ಅದುರುವಿಕೆ ವಾಲ್ವಿನೊಳಗಿನ ಸೂಕ್ಷ್ಮ ಜಾಲರಿಯನ್ನು ತಟ್ಟಿ, ವಾಲ್ವೇ ಮೈಕಿನಂತೆ ವರ್ತಿಸತೊಡಗುತ್ತದೆ. ಐವತ್ತು ವರ್ಷ ಬದುಕಿರುವ ಯಂತ್ರವನ್ನು ಆ ಸ್ಥಿತಿಗೆ ತರುವುದು ನ್ಯಾಯವಲ್ಲ. ಒಂಬತ್ತು ಎಂ.ಎಂ. ಹಲಗೆಯಂತೂ ತಪ್ಪೇ ಸರಿ. ಅದು ಸ್ಪೀಕರಿನೊಂದಿಗೆ ತಾನೂ ಹಾಡುತ್ತದೆ.

ಎರಡನೆಯದು. ಶಿರಾದ ಗಣೇಶನ ಪೆಂಡಾಲಿನಲ್ಲಿ, 1999ರ ಸೆಪ್ಟೆಂಬರಿನಲ್ಲಿ, ಆಂಪ್ಲಿಫೈಯರ್ ಕಿರುಚಿದಾಗ ತಾವು ಮೈಕಿನಲ್ಲಿ ಆಡಿದ ಮಾತು ಇದು: "ನಮ್ ಸೌಂಡ್ ಎಂಜಿನಿಯರ್‌ಗೆ ಎರಡೂ ಕಿವಿ ಕೆಪ್ಪು ಕಣ್ರಪ್ಪೋ, ವಸಿ ಜೋರಾಗ್ ಕೂಗಿ!" ಎರಡು ಸಾವಿರ ಜನ ಕೂಗಿದರು. ಅಂದು ರಾತ್ರಿಯೇ ನಾನು ಪಾರ್ಟಿ ಬಿಟ್ಟೆ. ಮಧುಗಿರಿಯ ವಿದ್ಯುತ್ ಉಪಕೇಂದ್ರದಲ್ಲಿ ನಾನು ಇಂದು ರಿಲೇ ಪರೀಕ್ಷೆಯ ಜವಾಬ್ದಾರಿ ಹೊತ್ತ ಎಂಜಿನಿಯರ್. ಆದರೂ ಹಳಬರು ನನ್ನನ್ನು ಗುರುತಿಸುವುದು ಕೆಪ್ಪ ಎಂಜಿನಿಯರ್ ಎಂದೇ. ನನ್ನ ಮದುವೆಯಲ್ಲಿ ಯಾರೋ ಹಿಂದಿನಿಂದ, "ಕೆಪ್ಪಣ್ಣಾ, ತಾಳಿ ಕಟ್ಟು ಅಂತಾವ್ರೆ ಕಣಪ್ಪಾ" ಎಂದು ಕೂಗಿದರು. ತಾವು ಆ ಮದುವೆಗೆ ಬಂದಿರಲಿಲ್ಲವಾದ್ದರಿಂದ ತಿಳಿಸುತ್ತಿದ್ದೇನೆ.

ಯಂತ್ರವನ್ನು ಕಳುಹಿಸಿ. ಕೆಲಸ ಮಾಡಿಕೊಡುತ್ತೇನೆ.

ಪ್ರಭುದೇವ್


ವೈ.ಎನ್.ಹೊಸಕೋಟೆ
9 ಫೆಬ್ರವರಿ 2024

ಪ್ರಭು,

ಹೆಡ್ಡನ್ನು ನಾಳೆ ಬೆಳಗಿನ ಬಸ್ಸಿಗೆ ಹಾಕಿಸುತ್ತೇನೆ. ಕಂಬಳಿ ಸುತ್ತಿದ್ದೇನೆ, ಮೇಲೆ ಗೋಣಿ. ನಿಲ್ದಾಣದಲ್ಲಿ ಇಳಿಸಿಕೊ.

ನಿನ್ನ ಕಾಗದವನ್ನು ನಿನ್ನ ಅತ್ತಿಗೆ ಲೋಹಿತಾ ಓದಿ ಮೂರು ದಿನ ನನ್ನ ಮುಖ ನೋಡಲಿಲ್ಲ. ಆ ಮದುವೆಯ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಶಿರಾದ ಬಗ್ಗೆ ನಾನು ಈಗ ಏನನ್ನೂ ಬರೆಯುವುದಿಲ್ಲ. ಬರೆದರೆ ಅದು ಕೆಲಸಕ್ಕೆ ಕೊಟ್ಟ ಲಂಚದಂತೆ ಕಾಣುತ್ತದೆ.

ವಾಲ್ವ್ ತಲೆಕೆಳಗಾದರೆ ಆಗಲಿ. ಸತ್ತರೆ ಸಾಯಲಿ. ಹಲಗೆ ಒಂಬತ್ತು ಎಂ.ಎಂ. ನಿನ್ನ ಪಾಠ ನನಗೆ ಬೇಕಿಲ್ಲ, ನಿನ್ನ ಕೈ ಬೇಕು.

ಗೌರೀಶ


ಮಧುಗಿರಿ
3 ಮಾರ್ಚ್ 2024

ಗೌರೀಶ್ ಅವರಿಗೆ,

ಯಂತ್ರ ಕ್ಷೇಮವಾಗಿ ತಲುಪಿತು. ಬಿಚ್ಚಿ ನೋಡಿದೆ. ಒಳಗೆ ಪವರ್ ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ನಾನು 1996ರಲ್ಲಿ ಅಂಟಿಸಿದ್ದ ವೈರಿಂಗಿನ ಚೀಟಿ ಹಾಗೆಯೇ ಇದೆ. ಶಾಯಿ ಮಾಸಿದೆ, ಅಕ್ಷರ ಓದಬಹುದು. ಕೆಪಾಸಿಟರ್‌ಗಳು ಉಬ್ಬಿದ್ದವು, ಬದಲಿಸಿದೆ. ವಾಲ್ವ್‌ಗಳು ಆಶ್ಚರ್ಯಕರವಾಗಿ ಚೆನ್ನಾಗಿವೆ.

ಮುಂಭಾಗದ ಫಲಕದ ಬಗ್ಗೆ ಒಂದು ಮಾತು ಹೇಳಲೇಬೇಕು. ವಾಲ್ಯೂಮ್ ನಾಬಿನ ಸುತ್ತ, ಐದರ ಎದುರಿಗೆ, ನಾನು ಉಗುರುಬಣ್ಣದಲ್ಲಿ ಇಟ್ಟಿದ್ದ ಕೆಂಪು ಚುಕ್ಕೆ ತಮಗೆ ನೆನಪಿರಬೇಕು. ಅದನ್ನು ದಾಟಿದರೆ ಮೈಕ್ ಸೀಟಿ ಹೊಡೆಯುತ್ತದೆ, ದಾಟಬೇಡಿ ಎಂದು ಪ್ರತಿ ಕಾರ್ಯಕ್ರಮಕ್ಕೂ ಹೇಳುತ್ತಿದ್ದೆ. ಆ ಚುಕ್ಕೆಯ ಆಚೆ, ಆರಕ್ಕೊಂದು, ಆರೂವರೆಗೊಂದು, ಏಳಕ್ಕೊಂದು, ಹೀಗೆ ಒಂಬತ್ತರವರೆಗೂ ಚಾಕುವಿನಿಂದ ಎಳೆದ ಗೀರುಗಳಿವೆ. ನನ್ನ ಮಾತನ್ನು ಮೀರಿದ್ದು ಒಂದು ದಿನದ ಮರೆವಲ್ಲ, ವರ್ಷಗಟ್ಟಲೆ ನಡೆಸಿದ ಹಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆ ಗೀರುಗಳನ್ನು ತುಂಬಿ, ಉಜ್ಜಿ, ಫಲಕವನ್ನು ಹೊಸದರಂತೆ ಮಾಡಿದ್ದೇನೆ. ಕೆಂಪು ಚುಕ್ಕೆಯನ್ನು ಉಳಿಸಿದ್ದೇನೆ.

ಪೆಟ್ಟಿಗೆಯನ್ನು ಕೊರಟಗೆರೆಯ ಮರುಳಸಿದ್ದಯ್ಯನವರಿಗೆ ಒಪ್ಪಿಸಿದ್ದೇನೆ. ಬಾಗಿಲು, ಕಿಟಕಿ ಮಾಡುವವರು; ಮೂಲೆ ಜೋಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ತಮ್ಮ ಅಳತೆಯ ಚೀಟಿ ನೋಡಿ ಅವರು ಕನ್ನಡಕ ಏರಿಸಿಕೊಂಡರು.

"ಇದ್ರಲ್ಲಿ ಒಂಬತ್ತು ಎಂಎಂ ಅಂತ ಬರ್ದೈತೆ. ನೀವ್ ನೋಡುದ್ರೆ ಹದ್ನೆಂಟು ಅಂತೀರಾ. ಯಾರ್ ಮಾತ್ ಕೇಳ್ಲಿ ಸ್ವಾಮಿ?"

"ನನ್ನದು. ಒಂಬತ್ತಾದರೆ ಪೆಟ್ಟಿಗೆ ಅದುರುತ್ತದೆ."

"ಅದುರ್ಲಿ ಬುಡಿ. ತಮಟೆ ಅದುರ್ದೆ ಓದ್ರೆ ಅದೇನ್ ತಮಟೆನಾ, ಮೊರಾನಾ?"

"ಇದು ತಮಟೆಯಲ್ಲ."

"ಸರಿ, ಕಟ್ಟಿಸ್ಕಳೋರು ನೀವು. ಆಮ್ಯಾಕೆ ಚೀಟಿ ಬರ್ದೋರು ಬಂದು ನನ್ ಜುಟ್ಟು ಇಡ್ಕಂಡ್ರೆ ನಿಮ್ ಕಡೆ ಕೈ ತೋರುಸ್ತೀನಿ."

ಹದಿನೆಂಟು ಎಂ.ಎಂ. ಪ್ಲೈವುಡ್ಡನ್ನೇ ಹಾಕಿಸುತ್ತಿದ್ದೇನೆ. ಇದು ನನ್ನ ನಿರ್ಧಾರ. ನನ್ನ ಕೈ ಬೇಕೆಂದು ಬರೆದವರು ಆ ಕೈ ಕಲಿತದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಎತ್ತರವನ್ನು ತಾವು ಹೇಳಿದಂತೆಯೇ ಇಟ್ಟಿದ್ದೇನೆ.

ಬಸ್ಸಿನ ಲಗೇಜ್ ಚೀಟಿಯಲ್ಲಿ ಅತ್ತಿಗೆಯವರ ನಂಬರಿತ್ತು. ಹಲಗೆಯ ವಿಷಯ ತಿಳಿಸೋಣವೆಂದು ತಮ್ಮ ಮಾತು ಮೀರಿ ಫೋನ್ ಮಾಡಿದೆ. "ಯಾವ ಪ್ರಭು? ಓ, ಮಧುಗಿರಿ ಪ್ರಭೂನಾ? ಏನಪ್ಪಾ, ಇಪ್ಪತ್ತೈದ್ ವರ್ಷಕ್ಕೆ ನಂಬರ್ ಸಿಕ್ತಾ?" ಎಂದರು. ಅಣ್ಣ ಇದ್ದಾರೆಯೇ ಎಂದು ಕೇಳಿದೆ. "ಇಲ್ಲೇ ಎದುರ್ಗೇ ಕೂತವ್ರೆ. ಕೊಡಕಾಗಲ್ಲ ಕಣಪ್ಪಾ. ಕಾಗ್ದ ಬರಿ ಅಂದವ್ರಲ್ಲ, ಬರಿ" ಎಂದರು. ಪ್ರಭು ಫೋನ್ ಮಾಡಿದ್ದಾನೆ ಎಂದು ಅವರು ಎರಡು ಬಾರಿ ಗಟ್ಟಿಯಾಗಿ ಹೇಳಿದ್ದು ನನಗೆ ಕೇಳಿಸಿತು. ತಾವು ಒಂದು ಹೂಂ ಕೂಡ ಅನ್ನಲಿಲ್ಲ.

ಒಳ್ಳೆಯದು. ಇನ್ನು ಫೋನ್ ಮಾಡುವುದಿಲ್ಲ.

ಪ್ರಭುದೇವ್


ಮಧುಗಿರಿ
7 ಏಪ್ರಿಲ್ 2024

ಗೌರೀಶಣ್ಣನಿಗೆ,

ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ಹದಿನೆಂಟು ಎಂ.ಎಂ.ಗೆ ತಮ್ಮ ಮೌನವನ್ನು ಸಮ್ಮತಿಯೆಂದು ಭಾವಿಸಿದ್ದೇನೆ.

ಕೆಲಸ ಮುಗಿದಿದೆ. ನನ್ನ ಬಾಯಿಂದ ನಾನೇ ಹೇಳಬಾರದು, ಆದರೂ ಹೇಳುತ್ತೇನೆ: ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಈವರೆಗೆ ಮಾಡಿಲ್ಲ. ಪೆಟ್ಟಿಗೆಯ ನಾಲ್ಕು ಮೂಲೆಗಳನ್ನೂ ಹಲ್ಲಿಗೆ ಹಲ್ಲು ಕೂಡಿಸಿ ಅಂಟಿಸಿದೆ, ಒಂದು ಮೊಳೆಯೂ ಇಲ್ಲ. ಹನ್ನೆರಡು ಅಂಗುಲದ, ಹದಿನಾರು ಓಮಿನ ಸ್ಪೀಕರನ್ನು ರಬ್ಬರ್ ಪಟ್ಟಿಯ ಮೇಲೆ ಕೂರಿಸಿದ್ದೇನೆ. ಅದರ ಗುದ್ದು ಹಲಗೆಗೆ ಹತ್ತುವುದಿಲ್ಲ. ಚಾಸಿಸ್ಸಿನ ನಾಲ್ಕು ಬೋಲ್ಟುಗಳಿಗೂ ರಬ್ಬರ್ ಬುಷ್. ವಾಲ್ವ್‌ಗಳು ಜಾರದಂತೆ ಸ್ಪ್ರಿಂಗ್ ಕ್ಲಿಪ್. ಹಿಂಬದಿಯ ಹಲಗೆಗೆ ಒಳಗಿನಿಂದ ಎರಡು ಅಡ್ಡಪಟ್ಟಿ ಕೊಟ್ಟು, ಅದರ ಮೇಲೆ ಕಂಬಳಿಯ ಎರಡು ಪದರ ಹೊಡೆದಿದ್ದೇನೆ. ನೀವು ಹೆಡ್ಡಿಗೆ ಸುತ್ತಿ ಕಳುಹಿಸಿದ್ದ ಕಂಬಳಿಯೇ ಅದು. ಹೊರಗೆ ನೀವು ಕೇಳಿದಂತೆ ಬರೀ ಮರ.

ಕೊನೆಯ ಪರೀಕ್ಷೆಗೆ ಒಂದು ಗಾಜಿನ ಲೋಟದಲ್ಲಿ ಅಂಚಿನವರೆಗೆ ನೀರು ತುಂಬಿ ಪೆಟ್ಟಿಗೆಯ ನೆತ್ತಿಯ ಮೇಲಿಟ್ಟೆ. ಕೆಂಪು ಚುಕ್ಕೆಯವರೆಗೆ ತಿರುಗಿಸಿ ಗಿಟಾರಿನ ಮಟ್ಟದ ಸದ್ದು ಕೊಟ್ಟೆ. ಕಿಟಕಿಯ ಗಾಜು ಝಣಝಣಿಸಿತು, ಪಕ್ಕದ ಮನೆಯವರು ಆಚೆ ಬಂದು ನೋಡಿದರು. ಲೋಟದ ನೀರಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಸದ್ದೆಲ್ಲ ಮುಂದಕ್ಕೆ, ಕೇಳುವವರ ಕಡೆಗೆ. ಪೆಟ್ಟಿಗೆ ಮಾತ್ರ ಬಂಡೆಯಂತೆ ನಿಶ್ಚಲ. ಒಳ್ಳೆಯ ಪೆಟ್ಟಿಗೆಯ ಲಕ್ಷಣ ಅದೇ.

ನಾಡಿದ್ದು ಬಸ್ಸಿಗೆ ಹಾಕುತ್ತೇನೆ. ಕೆಲಸಕ್ಕೆ ಪ್ರತಿಯಾಗಿ ನನಗೆ ಬೇಕಾದದ್ದು ಒಂದೇ. ಶಿರಾದಲ್ಲಿ ಅಂದು ಸಂಜೆ ನಾನು ನಾಬನ್ನು ಐದಕ್ಕೇ ಇಟ್ಟು ವೇದಿಕೆಯಿಂದ ಇಳಿದಿದ್ದೆ. ಅನಂತರ ಅದನ್ನು ತಿರುಗಿಸಿದವರು ಯಾರು? ನನಗೆ ಗೊತ್ತಿದೆ. ಆದರೆ ತಮ್ಮ ಕೈಯಲ್ಲಿ ಬರೆದ ಒಂದು ಸಾಲು ಬೇಕು. ಅದನ್ನು ಯಾರಿಗೂ ತೋರಿಸುವುದಿಲ್ಲ.

ನಿಮ್ಮ ತಮ್ಮ,
ಪ್ರಭು


ವೈ.ಎನ್.ಹೊಸಕೋಟೆ
26 ಏಪ್ರಿಲ್ 2024

ಶ್ರೀ ಪ್ರಭುದೇವ್ ಅವರಿಗೆ,

ತಾವು ಕಳುಹಿಸಿದ ಪೆಟ್ಟಿಗೆ ತಲುಪಿದೆ. ನೋಡಲು ಸೊಗಸಾಗಿದೆ. ಹಲವು ದಿನ ಪ್ರಯತ್ನಿಸಿದೆ. ಯಂತ್ರ ಸತ್ತಿದೆ. ನನಗೆ ಉಪಯೋಗವಿಲ್ಲ.

ತಾವು ಕೇಳಿದ ಸಾಲನ್ನು ಬರೆಯುವ ಮನಸ್ಸು ಇತ್ತು. ಈಗ ಇಲ್ಲ.

ಗೌರೀಶ್


ಮಧುಗಿರಿ
6 ಮೇ 2024

ಗೌರೀಶ್ ಅವರಿಗೆ,

ಯಂತ್ರ ಸತ್ತಿಲ್ಲ. ಬಸ್ಸಿಗೆ ಹಾಕುವ ಮುನ್ನ ಸತತ ಆರು ಗಂಟೆ ಓಡಿಸಿ, ವೋಲ್ಟೇಜುಗಳನ್ನು ಗಂಟೆಗೊಮ್ಮೆ ಬರೆದಿಟ್ಟಿದ್ದೇನೆ. ಆ ಹಾಳೆಯ ನಕಲು ಇದರೊಡನೆ ಇದೆ.

ತಿಂಗಳಿಗೆರಡು ಬಾರಿ ನಾನು ಪಾವಗಡದ ಸೋಲಾರ್ ಪಾರ್ಕಿಗೆ ಕೆಲಸದ ಮೇಲೆ ಬರುತ್ತೇನೆ. ಕ್ಯಾತಗಾನಚೆರ್ಲಿನಲ್ಲಿ ನಮ್ಮ ದೊಡ್ಡಪ್ಪನ ಹೊಲವಿದ್ದ ಜಾಗದಲ್ಲಿ ಈಗ ಗಾಜಿನ ಸಾಲುಗಳಿವೆ. ಅವುಗಳ ನಡುವೆ ನಿಂತು ಹೊಸಕೋಟೆಯ ದಿಕ್ಕಿಗೆ ನೋಡಿ ವಾಪಸು ಹೋಗುತ್ತೇನೆ. ಕಳೆದ ವಾರ ಅಲ್ಲಿಯ ಕಾವಲುಗಾರ ಕಿರಣ್ ಕುಮಾರ್ ಹೇಳಿದ: "ನಿಮ್ ಗೌರೀಶ್ ಮೇಷ್ಟ್ರಾ ಸಾರ್? ಜಮೀನು ಸೋಲಾರ್‌ಗೆ ಕೊಟ್ರಲ್ಲ, ಆಮೇಲೆ ಡ್ರಾಯಿಂಗ್ ಮೇಷ್ಟ್ರ ಕೆಲ್ಸ ಬ್ಯಾಡ ಅಂತ ಬುಟ್ಬುಟ್ರು. ಈಗ ಯಾರು ಕೂಗುದ್ರೂ ತಿರುಗ್ ನೋಡಲ್ಲ. ಭಾರೀ ಧಿಮಾಕು." ಅದು ನನಗೆ ಗೊತ್ತಿರುವ ವಿಷಯವೇ ಆಗಿತ್ತು.

ಒಂದು ಸಾಲು ಬರೆಯುವುದನ್ನು ತಪ್ಪಿಸಿಕೊಳ್ಳಲು ಯಂತ್ರವನ್ನು ಸಾಯಿಸುವ ಅಗತ್ಯವಿರಲಿಲ್ಲ. ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಅದರ ಮುಂದೆ ನಿಲ್ಲಿಸಿ ಕೇಳಿ. ಅವರಿಗೆ ಕೇಳಿಸಿ ತಮಗೆ ಕೇಳಿಸದಿದ್ದರೆ ದೋಷ ಪೆಟ್ಟಿಗೆಯದಲ್ಲ, ಕಿವಿಯದು. ಅದನ್ನು ರಿಪೇರಿ ಮಾಡುವ ವಿದ್ಯೆ ನನಗೆ ಬರುವುದಿಲ್ಲ.

ಈ ಮಾತನ್ನು ನಾನು ಮೈಕಿನಲ್ಲಿ ಹೇಳುತ್ತಿಲ್ಲ ಎಂಬುದನ್ನು ಗಮನಿಸಬೇಕು.

ಪ್ರಭುದೇವ್


ವೈ.ಎನ್.ಹೊಸಕೋಟೆ
24 ಮೇ 2024

ಶ್ರೀ ಪ್ರಭುದೇವ್ ಅವರಿಗೆ,

ತಮ್ಮ ರೋಗನಿರ್ಣಯ ಸರಿಯಾಗಿದೆ. ದೋಷ ಕಿವಿಯದೇ. ಎಡಗಿವಿ ಹೋಗಿ ಹದಿನಾಲ್ಕು ವರ್ಷವಾಯಿತು. ಬಲಗಿವಿ ಹೋದದ್ದು ಐದು ವರ್ಷದ ಹಿಂದೆ. ಮಿಷನ್ ಹಾಕಿಸಿದರು, ಅದರಲ್ಲಿ ಒಲೆಯ ಮೇಲೆ ಎಣ್ಣೆ ಸಿಡಿದಂತೆ ಆಗುತ್ತದೆ, ಮಾತು ಬರುವುದಿಲ್ಲ. ಮಕ್ಕಳು ಹಿಂದಿನ ಬೆಂಚಿನಲ್ಲಿ ಏನು ಮಾಡುತ್ತಿದ್ದಾರೆಂದು ತಿಳಿಯದ ಮೇಷ್ಟ್ರು ಎಷ್ಟು ದಿನ ಮೇಷ್ಟ್ರಾಗಿರಬಹುದು? ಅದಕ್ಕೇ ಕೆಲಸ ಬಿಟ್ಟೆ. ಊರು ಅದನ್ನು ಸೋಲಾರ್ ಧಿಮಾಕು ಎಂದುಕೊಂಡಿತು. ಕೆಪ್ಪ ಎನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿಯೆಂದು ನಾನೂ ಸುಮ್ಮನಾದೆ. ಲೋಹಿತಾ ಈಗ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ತಾವು ಫೋನ್ ಮಾಡಿದ ದಿನ ನಾನು ಅವಳ ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅವಳು ಅಭ್ಯಾಸಬಲದಿಂದ ಎರಡು ಸಲ ಕೂಗಿದಳಂತೆ. ಯಾರದು ಎಂದು ನಾನು ಕೇಳಿದ್ದು, ಅವಳು ಫೋನ್ ಇಟ್ಟು ಅತ್ತ ಮೇಲೆ.

ಈ ಲೋಕದಲ್ಲಿ ಇದನ್ನು ಯಾರಿಗಾದರೂ ಹೇಳಬಹುದಿತ್ತು, ತಮ್ಮೊಬ್ಬರಿಗೆ ಬಿಟ್ಟು. ಯಾಕೆಂದು ತಾವೇ ಬಲ್ಲಿರಿ.

ಶಾಲೆಯ ಕೊನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ಆಫೀಸು ಕೋಣೆಯ ತೆಳು ಪ್ಲೈವುಡ್ ಪಾರ್ಟಿಷನ್ನಿಗೆ ಒರಗಿ ನಿಂತಿದ್ದೆ. ಆ ಬದಿಯಲ್ಲಿ ಅದೇ ಹಲಗೆಗೆ ತಾಗಿಸಿ ಹಾರ್ಮೋನಿಯಮ್ ಇಟ್ಟು ಪ್ರಾರ್ಥನೆ ಅಭ್ಯಾಸ ಮಾಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಬೆನ್ನಿಗೆ ಸಾ ಬಂತು. ಆಮೇಲೆ ಪಾ. ನಾನು ಗಂಟೆ ಹೊಡೆಯುವವರೆಗೂ ಅಲ್ಲಾಡಲಿಲ್ಲ. ಪಾರ್ಟಿಷನ್ನಿನ ದಪ್ಪವನ್ನು ಆಮೇಲೆ ಸ್ಕೇಲಿನಲ್ಲಿ ಅಳೆದೆ. ಒಂಬತ್ತು ಎಂ.ಎಂ.

ಗಿಟಾರಿನ ಮರ ಎದೆಗೆ ತಾಗುವುದಿಲ್ಲವೇ ಎಂದು ತಾವು ಕೇಳಬಹುದು. ತಾಗುತ್ತದೆ. ಆದರೆ ಅದು ನನಗೆ ನಾನೇ ಪಿಸುಗುಟ್ಟಿಕೊಂಡಂತೆ. ಎದುರಿನ ಜನರಿಗೆ ಹೋಗುವ ಸದ್ದು ನನಗೂ ಬೇಕಿತ್ತು. ನೆಲದ ಮೇಲೆ ಕೂತು, ಪೆಟ್ಟಿಗೆಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ನುಡಿಸಬೇಕಿತ್ತು. ಅದಕ್ಕೇ ಆ ಎತ್ತರ, ಅದಕ್ಕೇ ಬರೀ ಮರ.

ತಮ್ಮ ಪೆಟ್ಟಿಗೆಗೆ ಬೆನ್ನು ಕೊಟ್ಟು ಹನ್ನೊಂದು ಮಧ್ಯಾಹ್ನ ಕೂತೆ. ಗೋಡೆಗೆ ಒರಗಿದಂತಿತ್ತು. ತಾವು ಉಳಿಸಿದ ಕೆಂಪು ಚುಕ್ಕೆ ದಾಟಿ ಒಂಬತ್ತಕ್ಕೆ ತಿರುಗಿಸಿದಾಗ ಎಲ್ಲೋ ದೂರದಲ್ಲಿ ಲಾರಿ ಹೋದಂತೆ ಆಯಿತು, ಅಷ್ಟೇ. ಮುಂದೆ ಕೈಯಿಟ್ಟರೆ ಗಾಳಿ ತಾಗುತ್ತದೆ. ಗಾಳಿಯಲ್ಲಿ ಸ್ವರ ತಿಳಿಯುವುದಿಲ್ಲ. ಹನ್ನೊಂದನೆಯ ದಿನ ಎದುರುಮನೆಯ ವೆಂಕಟರಾಮಯ್ಯ ಒಳಗೆ ಬಂದು ನನ್ನ ಕೈ ಕುಲುಕಿದ. ಅವನು ತೆಲುಗಿನಲ್ಲಿ ಹೇಳಿದ್ದನ್ನು ಲೋಹಿತಾ ಸ್ಲೇಟಿನ ಮೇಲೆ ಬರೆದಳು: "ಭಲೇ ವಾಯಿಂಚಾರು ಸಾರೂ, ವೀಧಂತಾ ವಿನಬಡಿಂದಿ." ಭಲೇ ನುಡಿಸಿದೆನಂತೆ, ಬೀದಿಗೆಲ್ಲ ಕೇಳಿಸಿತಂತೆ. ಹೊಸಕೋಟೆಯ ನಾಯಿಗೂ ಕೇಳಿಸಿತು. ಬಂಡೆಯಂಥ ಪೆಟ್ಟಿಗೆ, ಸದ್ದೆಲ್ಲ ಮುಂದಕ್ಕೆ, ಕೇಳುವವರ ಕಡೆಗೆ. ತಾವು ಬರೆದದ್ದು ಅಕ್ಷರಶಃ ನಿಜ.

ಇನ್ನು ಆ ಗೀರುಗಳು. ಅವು ಹಟವಲ್ಲ. ನಿಮ್ಮ ಚುಕ್ಕೆಯಲ್ಲಿ ನನಗೆ ನನ್ನ ಗಿಟಾರ್ ಸರಿಯಾಗಿ ಕೇಳದೆ ಹೋದ ದಿನ ಆರಕ್ಕೆ ಒಂದು ಗೀರು ಎಳೆದೆ. ಆರರಲ್ಲಿ ಕೇಳದೆ ಹೋದಾಗ ಆರೂವರೆಗೆ. ಹಾಗೆ ಒಂಬತ್ತರವರೆಗೆ. ನನ್ನ ಕಿವಿ ಹೋದ ದಾರಿಗೆ ಇದ್ದ ಲೆಕ್ಕ ಅದೊಂದೇ. ಅದನ್ನೂ ತುಂಬಿ, ಉಜ್ಜಿ, ಹೊಸದು ಮಾಡಿ ಕಳುಹಿಸಿದಿರಿ.

ಪೆಟ್ಟಿಗೆಯ ನೆತ್ತಿಯ ಮೇಲೆ ಲೋಹಿತಾ ಈಗ ಕುಡಿಯುವ ನೀರಿನ ಬಿಂದಿಗೆ ಇಟ್ಟಿದ್ದಾಳೆ. ಎತ್ತರ ಸರಿಯಾಗಿದೆ. ಒಂದು ಹನಿಯೂ ಅಲುಗುವುದಿಲ್ಲ.

ಗೌರೀಶ್


ಮಧುಗಿರಿ
30 ಜೂನ್ 2024

ಅಣ್ಣಾ,

ಇದಕ್ಕೂ ಮುಂಚೆ ಎರಡು ಕಾಗದ ಬರೆದೆ. ಒಂದರಲ್ಲಿ ಕ್ಷಮೆ ಕೇಳಿದ್ದೆ, ಇನ್ನೊಂದರಲ್ಲಿ ನನ್ನನ್ನು ಸಮರ್ಥಿಸಿಕೊಂಡಿದ್ದೆ. ಎರಡನ್ನೂ ಹರಿದೆ. ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಪಾರ್ಟಿಯ ಕಾಲದ ಕೆಲಸದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. 1997ರ ಮಾರ್ಚ್ 16, ತಾವರೆಕೆರೆಯ ಕಾರ್ಯಕ್ರಮ. ನನ್ನ ಅಕ್ಷರದಲ್ಲಿ ಹೀಗಿದೆ: "ಗೌರೀಶಣ್ಣನ ದೂರು. ಎಡಗಿವಿಯಲ್ಲಿ ಜೀರುಂಡೆ ಕೂತಂಗೆ ಆಯ್ತದೆ, ಎಡಗಡೆ ಪೆಟ್ಟಿಗೆ ವಸಿ ದೂರ ಇಡ್ಲಾ ಎನ್ನುತ್ತಾನೆ. ಪೆಟ್ಟಿಗೆ ಸರಿಸಿದರೆ ಸಭೆಯಲ್ಲಿ ಸಮತೋಲ ತಪ್ಪುತ್ತದೆ. ಸರಿಸಿಲ್ಲ." ಅದರ ಕೆಳಗೆ ಒಂದು ಸರಿ ಗುರುತು ಹಾಕಿದ್ದೇನೆ. ಆ ಪೆಟ್ಟಿಗೆ ನಿನ್ನ ಕಿವಿಯ ಎತ್ತರಕ್ಕೆ, ಎರಡೂವರೆ ಅಡಿ ದೂರದಲ್ಲಿತ್ತು. ಆ ಅಳತೆಯೂ ಪುಸ್ತಕದಲ್ಲಿದೆ. ಅನಂತರದ ಎರಡೂವರೆ ವರ್ಷಗಳಲ್ಲಿ ನೂರ ಎಂಟು ಕಾರ್ಯಕ್ರಮಗಳು. ಒಂದರಲ್ಲೂ ಅದನ್ನು ಸರಿಸಿಲ್ಲ. ನೀನು ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಶಿರಾದಲ್ಲಿ ನಾಬನ್ನು ತಿರುಗಿಸಿದವರು ಯಾರೆಂದು ಕೇಳಿದ್ದೆ. ಅದು ಯಾಕೆ ತಿರುಗಿತು ಎಂದು ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಉಪಕೇಂದ್ರದಲ್ಲಿ ರಿಲೇ ಬಿದ್ದು ಕರೆಂಟು ಹೋದರೆ ಮೊದಲು ಕಾರಣ ಹುಡುಕು ಎಂದು ಕಿರಿಯರಿಗೆ ಪಾಠ ಹೇಳುವವನು ನಾನು. ಆ ಸಾಲು ಇನ್ನು ನನಗೆ ಬೇಕಿಲ್ಲ.

ಮೇ ತಿಂಗಳ ಕಾಗದದಲ್ಲಿ ನಾನು ಬರೆದ ಕಿವಿಯ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಅದು ನಿನ್ನ ಬಳಿಯೇ ಇರಲಿ. ನಿನ್ನ ಮೈಕಿನ ಮಾತು ನನ್ನ ಬಳಿ ಇದ್ದಂತೆ.

ಇದರೊಡನೆ ಬಸ್ಸಿಗೆ ಒಂದು ಹಲಗೆ ಹಾಕಿದ್ದೇನೆ. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಎಂಟು ಸ್ಕ್ರೂ ಬಿಚ್ಚಿ, ಕಂಬಳಿ ಸಮೇತ ತೆಗೆದು ಬಿಸಾಡು. ಈ ಹಲಗೆಯನ್ನು ಅದೇ ತೂತುಗಳಿಗೆ ಕೂರಿಸು. ಮಧ್ಯದಲ್ಲಿ ಚಾಚಿಕೊಂಡಿರುವ, ಗಿಡ್ಡ ಕಂಬದಂಥ ಮರದ ಗುಜ್ಜು ಒಳಗೆ ಸ್ಪೀಕರಿನ ಕಬ್ಬಿಣದ ಬೆನ್ನಿಗೆ ಬಿಗಿಯಾಗಿ ಒತ್ತಿ ಕೂರುತ್ತದೆ. ಅಲ್ಲಿಂದ ಗುದ್ದು ನೇರವಾಗಿ ಹಲಗೆಗೆ ಬರುತ್ತದೆ. ಇದನ್ನು ನೋಡಿ ಮರುಳಸಿದ್ದಯ್ಯ, "ಈಗ್ ಆತ್ ನೋಡಿ ತಮಟೆ. ಆ ಚೀಟಿ ಬರ್ದೋರೇ ಇಂಜಿನೇರು ಬುಡಿ, ನೀವಲ್ಲ" ಎಂದರು. ಇದ್ದಿರಬಹುದು ಎಂದೆ.

ಹಲಗೆ ಒಂಬತ್ತು ಎಂ.ಎಂ. ಆರು ಎಂ.ಎಂ. ಹಾಕಿದ್ದರೆ ಇನ್ನೂ ಚೆನ್ನಾಗಿ ಅದುರುತ್ತಿತ್ತು ಎಂಬುದು ನನಗೆ ಗೊತ್ತು. ಆದರೆ ನೀನು ಬರೆದದ್ದು ಒಂಬತ್ತು. ನಿನ್ನ ಮಾತನ್ನು ಈ ಸಲ ಮೀರಿಲ್ಲ.

ಅದೇ ಅಳತೆಯ ಇನ್ನೊಂದು ಪೆಟ್ಟಿಗೆ ಕಟ್ಟಿ ಪರೀಕ್ಷಿಸಿದೆ. ಕಿವಿಗೆ ಮೇಣದ ಬಿರಡೆ, ಮೇಲೆ ಉಪಕೇಂದ್ರದ ಕಿವಿಮುಚ್ಚಿಗೆ. ನೆಲದ ಮೇಲೆ ಕೂತು ಬೆನ್ನು ಕೊಟ್ಟು, ಗಿಟಾರಿನ ಆರು ತಂತಿಗಳ ಆರು ಸ್ವರಗಳನ್ನು ಒಂದೊಂದಾಗಿ ಕೊಟ್ಟುಕೊಂಡೆ. ದಪ್ಪ ತಂತಿಗಳ ಮೂರು ಸ್ವರ ಬೇರೆ ಬೇರೆಯಾಗಿ ತಿಳಿದವು. ತೆಳು ತಂತಿಗಳ ಮೇಲಿನ ಮೂರು ನನಗೆ ತಿಳಿಯಲಿಲ್ಲ. ನಿನ್ನ ಬೆನ್ನು ನನ್ನ ಬೆನ್ನಿಗಿಂತ ಹೆಚ್ಚು ಕಲಿತಿರಬಹುದು. ಭರವಸೆ ಕೊಡಲಾರೆ.

ಕೊನೆಯಲ್ಲಿ ಲೋಟದಲ್ಲಿ ನೀರು ತುಂಬಿ ನೆತ್ತಿಯ ಮೇಲಿಟ್ಟೆ. ಚೆಲ್ಲಿತು.

ಬರಲೇ?

ಪ್ರಭು


ವೈ.ಎನ್.ಹೊಸಕೋಟೆ
9 ಸೆಪ್ಟೆಂಬರ್ 2024
(ಅಂಚೆ ಕಾರ್ಡು)

ಪ್ರಭು,

ಹಲಗೆ ಬಂದು ಎರಡು ತಿಂಗಳು ಗೋಡೆಗೆ ಒರಗಿಕೊಂಡಿತ್ತು. ಗಣೇಶನ ಹಬ್ಬದ ದಿನ ಲೋಹಿತಾ ತಾನೇ ಬಿಂದಿಗೆ ಇಳಿಸಿ ಸ್ಕ್ರೂಡ್ರೈವರ್ ಹಿಡಿದು ಕೂತಳು. ಆಮೇಲೆ ನಾನೂ ಕೂತೆ.

ಕೆಳಗಿನ ಮೂರು ದಪ್ಪ ತಂತಿ ಬರುತ್ತವೆ. ಮೇಲಿನ ಮೂರು ಇಲ್ಲ. ಪಾರ್ಟಿಯಲ್ಲಿ ನಾನು ನುಡಿಸಿದ್ದೆಲ್ಲ ಮೇಲಿನ ಮೂರರಲ್ಲಿ, ನಿನಗೆ ಗೊತ್ತು. ಆರು ಎಂ.ಎಂ. ವಾಸಿಯೆಂದು ತಿಳಿದೂ ಒಂಬತ್ತು ಹಾಕಿದೆ ಎಂದು ಬರೆದಿದ್ದೀಯ. ನೀನು ಕೇಳಿದರೂ ಕಷ್ಟ, ಕೇಳದಿದ್ದರೂ ಕಷ್ಟ ಕಣೋ.

ಶಿರಾದಲ್ಲಿ ನಾಬ್ ತಿರುಗಿಸಿದವನು ನಾನು. ಆ ಸಾಲು ಬೇಡವೆಂದು ನೀನು ಬರೆದೆ, ಆದರೂ ಇಟ್ಟುಕೊ. ಅಂದು ನಕ್ಕವರಲ್ಲಿ ಅರ್ಧ ಜನ ಸತ್ತಿದ್ದಾರೆ, ಇನ್ನರ್ಧ ಜನಕ್ಕೆ ನೆನಪಿಲ್ಲ. ಯಾರಿಗೆ ತೋರಿಸುತ್ತೀಯೋ ತೋರಿಸು.

ಆರು ಎಂ.ಎಂ. ಹಲಗೆಯನ್ನು ಬಸ್ಸಿಗೆ ಹಾಕು. ನೀನು ಬರಬೇಡ.

ಗೌರೀಶ